ಹೊತ್ತು ನೋಡಿಕೊಂಡು ಬಾ

ಕೊಳ್ಳೇಗಾಲ
13 ಜುಲೈ 2025, ಭಾನುವಾರ

ನನ್ನ ಪುಟ್ಟೀ,

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ನೀನು ವಾಟ್ಸಾಪಿನಲ್ಲಿ ಕೇಳಿದ್ದೆ: "ಚಿಕ್ಕವ್ವ, ಯಳಂದೂರಿಗೆ ಬಂದು ತಿಂಗಳಾಯ್ತು. ಮಕ್ಕಳನ್ನ ಆಟಕ್ಕೆ ಎಲ್ಲಿಗೆ ಕರ್ಕೊಂಡ್ ಹೋಗ್ಲಿ? ಮೈಸೂರಲ್ಲಾದ್ರೆ ಮನೆ ಮುಂದೇನೇ ಪಾರ್ಕಿತ್ತು, ವಾಚ್‌ಮನ್ ಇದ್ದ. ಇಲ್ಲಿ ಎತ್ತ ನೋಡಿದ್ರೂ ಕಾಡು, ಬೆಟ್ಟ, ಹೊಳೆ. ಯಾವ ಜಾಗ ಸೇಫು? ಭರಚುಕ್ಕಿ ಮಾತ್ರ ಬೇಡ, ಅಲ್ಲಿ ನೀನು ನಂಗೆ ಹೊಡ್ದಿದ್ದೆ" ಅಂತ. ಕೊನೆಗೆ ಒಂದು ನಗುವ ಮುಖ.

ನಾನು ಹೆಬ್ಬೆರಳು ಒತ್ತಿ ಸುಮ್ಮನಾದೆ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಬೆರಳು ಆಡಿಸಿದರೆ ನನ್ನ ಮಾತು ಟೆಲಿಗ್ರಾಮಿನ ಹಾಗೆ ಆಗಿಬಿಡುತ್ತದೆ. ಮೂವತ್ತನಾಲ್ಕು ವರ್ಷ ಕೇಸ್ ಶೀಟು ಬರೆದ ಕೈ ಇದು, ಕಾಗದ ಕಂಡರೇನೇ ಬಾಯಿ ಬಿಡುವುದು. ನಾಳೆ ಯಳಂದೂರಿಗೆ ಹೋಗುವ ಪಕ್ಕದ ಮನೆಯವರ ಕೈಲಿ ಕೊಟ್ಟು ಕಳಿಸುತ್ತೇನೆ. ಭರಚುಕ್ಕಿಯ ಏಟಿನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಯಾವ ಜಾಗ ಸೇಫು ಅಂತ ಕೇಳಿದೆಯಲ್ಲ, ನಮ್ಮ ಸೀಮೆಯ ಹಿರಿಯರು ಯಾರೂ ಹಾಗೆ ಕೇಳಿದವರಲ್ಲ. ಜಾಗ ಕೇಳುತ್ತಿರಲಿಲ್ಲ, ಹೊತ್ತು ಕೇಳುತ್ತಿದ್ದರು. "ಯಾವ ಹೊತ್ನಲ್ಲಿ ಹೋಗ್ತಿದ್ದೀಯೆ?" ಅಷ್ಟೇ. ನಮ್ಮೂರ ಮರಡಿ ಗುಡ್ಡವನ್ನೇ ತಗೋ. ಬೆಳಿಗ್ಗೆ ಆರೂವರೆಗೆ ನಾನು ದಿನಾ ಹತ್ತುತ್ತೇನೆ, ಈ ಮೊಣಕಾಲು ಇಟ್ಟುಕೊಂಡೇ. ಅರಣ್ಯ ಇಲಾಖೆಯವರು ಅಲ್ಲಿ ಟ್ರೀ ಪಾರ್ಕ್ ಮಾಡಿದ ಮೇಲೆ ಮಕ್ಕಳಿಗೂ ಆಟಕ್ಕೆ ಆಯಿತು. ಇದೇ ಗುಡ್ಡ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಾದ ಹೆಂಚು. ಮೇ ತಿಂಗಳ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿತೋ, ಊರಿಗೆಲ್ಲ ಎತ್ತರದಲ್ಲಿ ನಿಂತವರು ನಾವೇ. ಜಾಗ ಒಂದೇ, ಹೊತ್ತು ಬೇರೆ.

ಸಾಧಾರಣ ಪಾರ್ಕಿನ ಮಾತು ಬೇಗ ಮುಗಿಸುತ್ತೇನೆ. ಕಬ್ಬಿಣದ ಜಾರುಬಂಡೆಗೆ ಮಗುವನ್ನು ಬಿಡುವ ಮುಂಚೆ ನಿನ್ನ ಅಂಗೈ ಇಟ್ಟು ನೋಡು. ನಿನಗೆ ತಡೆಯದಿದ್ದರೆ ಅದರ ತೊಡೆಗೂ ತಡೆಯುವುದಿಲ್ಲ. ಉಯ್ಯಾಲೆಯ ಸರಪಳಿ ಮೇಲುಗಡೆ ಕೊಂಡಿಯಲ್ಲಿ ಸವೆದಿರುತ್ತದೆ, ನಾವು ನೋಡುವುದು ಕೆಳಗಡೆ. ಮಳೆ ನಿಂತ ಮೇಲೆ ದೀಪದ ಕಂಬದ ಹತ್ತಿರ ಮಗ ಹೋಗದಿರಲಿ. ಇಷ್ಟು ಸಾಕು. ನಾಯಿ ವಿಚಾರ ಮಾತ್ರ ಸ್ವಲ್ಪ ಉದ್ದವಾಗುತ್ತದೆ. ನಾಯಿ ಕಚ್ಚಿಸಿಕೊಂಡು ಬಂದವರ ಗಾಯದಲ್ಲಿ ನಾನು ಏನೇನು ನೋಡಿಲ್ಲ! ಸುಣ್ಣ, ಅರಿಸಿನ, ಕಾಫಿಪುಡಿ, ಮೆಣಸಿನಪುಡಿ, ಒಬ್ಬರಂತೂ ಬ್ಯಾಟರಿಯ ಕಪ್ಪು ಪುಡಿ ಮೆತ್ತಿಕೊಂಡು ಬಂದಿದ್ದರು. ಅದನ್ನೆಲ್ಲ ತೊಳೆದು ತೆಗೆಯುವಾಗ ಅವರಿಗಿಂತ ಹೆಚ್ಚು ನನಗೆ ಉರಿಯುತ್ತಿತ್ತು. ಬೇಕಾದದ್ದು ನಲ್ಲಿ ನೀರು ಮತ್ತು ಬಟ್ಟೆ ಸೋಪು, 15 ನಿಮಿಷ, ಗಡಿಯಾರ ನೋಡಿಕೊಂಡು. ಆಮೇಲೆ ಆಸ್ಪತ್ರೆ. ಚರ್ಮದೊಳಕ್ಕೆ ಕೊಡುವ ಸೂಜಿಯಾದರೆ ಮೊದಲ ದಿನ, ಆಮೇಲೆ 3, 7, 28ನೆಯ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಚುಚ್ಚುವ ಇನ್ನೊಂದು ಮದ್ದೂ ಬೇಕಾಗುತ್ತದೆ, ಕೇಳಿ ಹಾಕಿಸು. ಎರಡು ಸೂಜಿ ಆದಮೇಲೆ "ಗಾಯ ಒಣಗಿತಲ್ಲ" ಅಂತ ನಿಲ್ಲಿಸುವವರೇ ಹೆಚ್ಚು. ಹುಚ್ಚುನಾಯಿ ರೋಗ ಒಂದು ಸಲ ತೋರಿಕೊಂಡರೆ ಆಮೇಲೆ ಯಾವ ಡಾಕ್ಟರ ಕೈಯಲ್ಲೂ ಏನೂ ಇಲ್ಲ.

ಈಗ ನಿನ್ನ ಮನೆ ಬಾಗಿಲಲ್ಲೇ ಇರುವ ಬಿಳಿಗಿರಿರಂಗನ ಬೆಟ್ಟ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಅದು 574 ಚದರ ಕಿಲೋಮೀಟರಿನ ಹುಲಿ ಕಾಡು. 2011ರಿಂದ ಟೈಗರ್ ರಿಸರ್ವ್. ನಿನ್ನ ಮಗ ಗೂಗಲ್ ನೋಡಿ ಹೇಳಿದನಂತೆ, "ಅಮ್ಮಾ, ಇದೂ ಒಂಥರಾ ನ್ಯಾಷನಲ್ ಪಾರ್ಕೇ" ಅಂತ. ಅವನಿಗೆ ಹೇಳು, ಆ ಪಾರ್ಕಿನಲ್ಲಿ ಆಡುವವರು ಬೇರೆ, ನಾವು ನೋಡಲು ಹೋದವರು. ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸು ಬಾ. ಸಂಜೆಯ ಹೊತ್ತಿಗೆ ಗೇಟಿನ ಹತ್ತಿರ ಓಡಿ ಬಂದು ಕಾವಲಿನವರ ಹತ್ತಿರ ಜಗಳ ಆಡುವವರ ಸಾಲಿನಲ್ಲಿ ನೀನು ಇರಬೇಡ. ಆ ಗೇಟು ಅವರ ದರ್ಪಕ್ಕೆ ಹಾಕಿದ್ದಲ್ಲ.

ನಮ್ಮ ವಾರ್ಡಿಗೆ ಬರುತ್ತಿದ್ದ ಒಬ್ಬ ಸೋಲಿಗ ಅಜ್ಜಿ ಇದ್ದಳು. ಮಂಡಿನೋವಿನ ಎಣ್ಣೆಗೆ ಬಂದು, ನನಗೆ ಜೇನು ಕೊಟ್ಟು ಹೋಗುತ್ತಿದ್ದಳು. ಅವಳನ್ನು ಒಂದು ಸಲ ಕೇಳಿದೆ, "ಆನೆ ಎದುರಿಗೆ ಬಂದ್ರೆ ಏನ್ ಮಾಡ್ತೀಯಜ್ಜಿ?" ಅಂತ. ನನ್ನ ಮುಖ ನೋಡಿ ನಕ್ಕಳು. "ಆನೆ ಬರೋ ಹೊತ್ನಲ್ಲಿ ನಾನ್ಯಾಕವ್ವಾ ಅಲ್ಲಿಗೆ ಹೋಗ್ಲಿ?" ಅಂದಳು. ನಾನು ಉಪಾಯ ಕೇಳಿದ್ದೆ, ಅವಳು ವೇಳಾಪಟ್ಟಿ ಹೇಳಿದಳು. ಆನೆ ನೀರಿಗೆ ಇಳಿಯುವುದು, ರಸ್ತೆ ದಾಟುವುದು ಬೆಳಗಿನ ಮಬ್ಬಿನಲ್ಲಿ, ಸಂಜೆಯ ಮಬ್ಬಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಮಂಜು ಬೇರೆ ಇರುತ್ತದೆ. ತಿರುವಿನಲ್ಲಿ ಬೂದು ಬಣ್ಣದ ಗೋಡೆ ನಿಂತಿದೆ ಅಂದುಕೊಂಡರೆ ಅದಕ್ಕೆ ಕಿವಿ ಇರುತ್ತದೆ! ಕಂಡರೆ ಗಾಡಿ ನಿಲ್ಲಿಸು, ಹಾರ್ನ್ ಹೊಡೆಯಬೇಡ, ದಾರಿ ಬಿಟ್ಟುಕೊಟ್ಟು ಮೆಲ್ಲಗೆ ಹಿಂದೆ ಸರಿ. ನಿನ್ನ ಯಜಮಾನರಿಗೆ ಫೋಟೋ ಹುಚ್ಚು ಅಂತ ಗೊತ್ತು. ಕಾಡಿನ ರಸ್ತೆಯಲ್ಲಿ ಕಾರಿನಿಂದ ಇಳಿದ ಕಾಲು ಯಾರದ್ದೇ ಆಗಲಿ, ನಾನು ಅಲ್ಲೇ ಬೈಯುತ್ತೇನೆ, ಅಳಿಯ ಅಂತ ನೋಡುವುದಿಲ್ಲ.

ಮಕ್ಕಳಿಗೆ ಶೂ ಹಾಕಿಸು. ಚಿಕ್ಕವಳು ಚಪ್ಪಲಿ ಕಿತ್ತೆಸೆಯುತ್ತಾಳೆ ಅಂದೆಯಲ್ಲ, ಅವಳಿಗೆ ರಂಗನಾಥನ ಕತೆ ಹೇಳು. ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನವರು ಅವನಿಗೆ ದೊಡ್ಡ ದೊಡ್ಡ ಚರ್ಮದ ಪಾದರಕ್ಷೆ ಮಾಡಿ ಒಪ್ಪಿಸುತ್ತಾರೆ. ಸ್ವಾಮಿ ರಾತ್ರಿ ಕಾಡೆಲ್ಲ ಸುತ್ತುತ್ತಾನೆ, ಆದ್ದರಿಂದ ಸವೆಯುತ್ತದೆ ಅಂತ. ಸೋಲಿಗರ ಕುಸುಮಾಲೆಯನ್ನು ಕಟ್ಟಿಕೊಂಡು ಆ ಕಾಡಿಗೇ ಬಾವನಾದವನು. ಅವನೇ ಬರಿಗಾಲಲ್ಲಿ ಹೋಗುವುದಿಲ್ಲ, ಇವಳು ಯಾವ ಮಹಾ?

ಹುಲಿ ಬಗ್ಗೆಯೂ ನೀನು ಕೇಳಿದ್ದೆ. ಹುಲಿಗೆ ಹೆದರಬೇಕೇ ಅಂತ. ಕಳೆದ ತಿಂಗಳು 26ನೇ ತಾರೀಖು ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ, ಐದೂ ಸತ್ತು ಬಿದ್ದಿದ್ದವು, ಹಸುವಿನ ಹೆಣಕ್ಕೆ ಹಾಕಿದ ವಿಷ ತಿಂದು. ಪೇಪರಿನಲ್ಲಿ ಆ ಫೋಟೋ ನೋಡಿ ನನಗೆ ಅವತ್ತು ಅನ್ನ ಸೇರಲಿಲ್ಲ. ಮಾದಪ್ಪ ಹುಲಿ ಏರಿ ಬಂದ ಸೀಮೆ ಅಂತ ಕಂಸಾಳೆಯವರು ಹಾಡುವ ಊರಿದು. ಹಸು ಕಳೆದುಕೊಂಡವರ ಸಂಕಟವೂ ನನಗೆ ಗೊತ್ತು, ಅದನ್ನು ಸಣ್ಣದು ಅನ್ನಲಾರೆ. ಆದರೂ ಈ ತಿಂಗಳು ಯಾರಾದರೂ ನನ್ನನ್ನು ಹುಲಿ ಭಯದ ಬಗ್ಗೆ ಕೇಳಿದರೆ ಯಾವ ಕಡೆಯ ಭಯ ಅಂತ ತಿರುಗಿ ಕೇಳಬೇಕು ಅನಿಸುತ್ತದೆ.

ಮಲೆ ಮಹದೇಶ್ವರ ಬೆಟ್ಟಕ್ಕೆ ತಾಳಬೆಟ್ಟದಿಂದ ಕಾಲ್ನಡಿಗೆ ಹೋಗುವ ಹರಕೆ ನಿನ್ನ ಅತ್ತೆಯವರದು ಬಾಕಿ ಇದೆಯಲ್ಲ. ಹೋಗಿ ಬನ್ನಿ. ಗುಂಪಿನ ಜೊತೆ, ಹಗಲು ಹೊತ್ತಿನಲ್ಲಿ. ದಾರಿ ಬಿಟ್ಟು ಪೊದೆಯ ಕಡೆ ಒಬ್ಬೊಬ್ಬರೇ ಸರಿಯಬಾರದು. ಹೆಂಗಸರಿಗೆ ಅದು ಕಷ್ಟದ ಮಾತು, ಗೊತ್ತು. ಇಬ್ಬರು ಕಾವಲು ನಿಲ್ಲಿ. ತಿಂಡಿಯ ಪ್ಲಾಸ್ಟಿಕ್ ಕವರ್ ಕೈಯಲ್ಲಿ ತೂಗಾಡಿಸಿದರೆ ಕೋತಿಗಳು ಮಗುವನ್ನು ಕೆಡವಿ ಕಿತ್ತುಕೊಳ್ಳುತ್ತವೆ, ಬ್ಯಾಗಿನೊಳಗೆ ಇಡು.

ಹಾವು. ಇದನ್ನು ಎರಡು ಸಲ ಓದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹನೂರು ಕಡೆಯಿಂದ ಒಬ್ಬ ಹುಡುಗನನ್ನು ತಂದಿದ್ದರು. ನಿನ್ನ ಮಗನಷ್ಟೇ ವಯಸ್ಸು. ಮಂಡಿಯ ಕೆಳಗೆ ನೇಗಿಲ ಹಗ್ಗ, ಮೂರು ಸುತ್ತು. ಕಟ್ಟಿ ಅರ್ಧ ದಿನ ಆಗಿತ್ತು, ನಡುವೆ ಮಂತ್ರ ಹಾಕಿಸಲು ಎರಡು ಊರು ಸುತ್ತಿದ್ದರು. ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ತಿಳಿಯಿತು, ಕಚ್ಚಿದ್ದು ಕೇರೆಹಾವು. ವಿಷವೇ ಇಲ್ಲದ ಹಾವು! ಹುಡುಗ ಉಳಿದ, ಪಾದದ ಮುಂಭಾಗ ಉಳಿಯಲಿಲ್ಲ. ಹಗ್ಗ ಕಟ್ಟಿದ್ದು ಅವನ ಅಪ್ಪ. ಆ ಮನುಷ್ಯ ಆಸ್ಪತ್ರೆಯ ಜಗಲಿಯಲ್ಲಿ ಕೂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ.

ಆದ್ದರಿಂದ ಕಟ್ಟಬೇಡ, ಕೊಯ್ಯಬೇಡ, ಬಾಯಿಟ್ಟು ಹೀರಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಯ ಹಾಗೆ ಅಲುಗದಂತೆ ಇರಿಸಿ, ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಬಾ. ಬಳೆ, ಕಾಲುಗೆಜ್ಜೆ ತೆಗೆದುಬಿಡು, ಊದಿಕೊಳ್ಳುತ್ತದೆ. ಯಾರಾದರೂ ಮೊದಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡ, ಡಾಕ್ಟರ ಎದುರಿಗೇ ಬಿಚ್ಚಬೇಕು. ಹಾವನ್ನು ಹೊಡೆದು ಚೀಲದಲ್ಲಿ ತರುವ ಶೌರ್ಯವೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಮದ್ದು ಒಂದೇ. ಡಾಕ್ಟರು ನೋಡುವುದು ಲಕ್ಷಣವನ್ನು. ಗಾಜಿನ ಟ್ಯೂಬಿನಲ್ಲಿ ಚೂರು ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಡುತ್ತಿದ್ದೆವು. ಬಗ್ಗಿಸಿದಾಗ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ವಿಷ ಏರಿದೆ ಅಂತ. ಆ 20 ನಿಮಿಷ ಹೆತ್ತವರ ಮುಖ ನೋಡದೆ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಕಟ್ಟುಹಾವಿನದು ಇನ್ನೂ ಮೋಸ, ರಾತ್ರಿ ಮಲಗಿದಾಗ ಕಚ್ಚಿದರೆ ನೋವೂ ಇಲ್ಲ, ಗುರುತೂ ಕಾಣುವುದಿಲ್ಲ, ಬೆಳಿಗ್ಗೆ ರೆಪ್ಪೆ ಎತ್ತಲಾಗುವುದಿಲ್ಲ. ನಮ್ಮ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಾನು ನಿವೃತ್ತಿ ಆದಮೇಲೆ ಬಂದ ಒಳ್ಳೆಯ ಸುದ್ದಿಗಳಲ್ಲಿ ಅದೊಂದು.

ಬೇಸಿಗೆಗೆ ಎರಡೇ ಮಾತು. ಒಂದು ಹೆಜ್ಜೇನು. ಬಂಡೆಯ ಸಂದಿ, ದೊಡ್ಡ ಮರದ ಕೊಂಬೆ ಕಂಡರೆ ಮೊದಲು ಕತ್ತೆತ್ತಿ ನೋಡು. ಕಲ್ಲು, ಹೊಗೆ, ಘಾಟು ಸೆಂಟು ಮೂರೂ ಅದಕ್ಕೆ ಆಗದು. ಎದ್ದುಬಿಟ್ಟರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ಓಡಿ ಮನೆಯನ್ನೋ ಕಾರನ್ನೋ ಸೇರಿಕೊಳ್ಳಿ. ಇನ್ನೊಂದು, ರಜೆಯಲ್ಲಿ ಮಗ ಹೊಸ ಗೆಳೆಯರ ಜೊತೆ ಕೆರೆಗೆ ಈಜಲು ಹೊರಟಾನು. ಈಗಿನ ಕೆರೆಗಳು ನಾವು ಕಂಡ ಕೆರೆಗಳಲ್ಲ. ನಮ್ಮ ಕಾಲದಲ್ಲಿ ಕೆರೆಯ ತಳ ತಟ್ಟೆಯ ಹಾಗೆ ಮೆಲ್ಲಗೆ ಇಳಿಯುತ್ತಿತ್ತು. ಈಗ ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಮುಚ್ಚಿಕೊಂಡಿವೆ, ಮೊಣಕಾಲುದ್ದದಿಂದ ಒಂದು ಹೆಜ್ಜೆಗೆ ಎರಡಾಳು.

ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾದರೆ ಮಿಂಚು ಕಂಡ ಕೂಡಲೇ ಎಣಿಸಲು ಮಗನಿಗೆ ಕಲಿಸು, ಅವನಿಗೆ ಲೆಕ್ಕ ಇಷ್ಟ. ಮೂರು ಎಣಿಸಿದರೆ ಒಂದು ಕಿಲೋಮೀಟರು. ಮೂವತ್ತು ಆಗುವುದರೊಳಗೆ ಗುಡುಗು ಕೇಳಿದರೆ ಆಟ ಬಂದ್, ಸೂರಿನೊಳಗೆ. ಒಂಟಿ ಮರದಡಿ ಮಾತ್ರ ನಿಲ್ಲಬೇಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹನೂರು ಕಡೆ ಮಳೆ ಜೋರು. ಒಣಗಿದ ಹಳ್ಳದ ಮರಳು ಆಟಕ್ಕೆ ಚೆನ್ನಾಗಿ ಕಾಣುತ್ತದೆ, ಮೇಲೆ ಬೆಟ್ಟದಲ್ಲಿ ಸುರಿದದ್ದು ಕೆಳಗಿನ ಮರಳಿಗೆ ಮೊದಲೇ ಹೇಳಿ ಬರುವುದಿಲ್ಲ.

ಅಲ್ಲಿಗೆ ನೀರಿನ ಮಾತು ಬಂತು. ಭರಚುಕ್ಕಿ.

ಈ ವರ್ಷ ಜೂನ್ ಮುಗಿಯುವುದರೊಳಗೇ ಕನ್ನಂಬಾಡಿ ಕಟ್ಟೆ ತುಂಬಿತು. ನೀನೇ ಟಿವಿಯಲ್ಲಿ ಬಾಗಿನ ಬಿಟ್ಟದ್ದು ನೋಡಿದೆಯಲ್ಲ. ಈಗ ಭರಚುಕ್ಕಿ ಜಲಪಾತ ಹಾಲಿನ ಪರದೆ ಇಳಿಬಿಟ್ಟ ಹಾಗೆ ಇದೆ, ಜನಜಾತ್ರೆ. ಬೇಲಿಯ ಈಚೆ ನಿಂತು ನೋಡಿದರೆ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಆದರೆ ಆ ಹೊಳೆಯ ಒಂದು ಗುಣ ತಿಳಿದಿರಬೇಕು. ನಮ್ಮ ತಲೆಯ ಮೇಲೆ ಬಿಸಿಲಿರುತ್ತದೆ, ಒಂದು ಹನಿ ಬಿದ್ದಿರುವುದಿಲ್ಲ. ಮಳೆ ಬಿದ್ದದ್ದು ಕೊಡಗಿನಲ್ಲಿ, ವಯನಾಡಿನಲ್ಲಿ. ಗೇಟು ಎತ್ತಿದ್ದು ಕನ್ನಂಬಾಡಿಯಲ್ಲಿ, ಕಬಿನಿಯಲ್ಲಿ. ಎಲ್ಲೋ ಯಾರದೋ ಮಳೆ ನಮ್ಮ ಕಾಲಡಿಗೆ ಬರುತ್ತದೆ. 2018ರಲ್ಲಿ, 2019ರಲ್ಲಿ ದಾಸನಪುರ, ಹಳೇ ಹಂಪಾಪುರದ ಮನೆಗಳಿಗೆ ನುಗ್ಗಿದ್ದೂ ಇದೇ ನೀರು.

ನಿನಗೆ ಆಗ ಆರು ವರ್ಷ. ಆಷಾಢದ ಒಂದು ಭಾನುವಾರ, ಹತ್ತು ಜನ ಒಂದು ಟೆಂಪೊದಲ್ಲಿ ಹೋಗಿದ್ದೆವು. ಆಗ ಮೆಟ್ಟಿಲಿಳಿದು ಕೆಳಗೆ ಹೋಗಲು ಬಿಡುತ್ತಿದ್ದರು, ತೆಪ್ಪದವರು ಇರುತ್ತಿದ್ದರು. ಬಿಸಿಲು ಚೆನ್ನಾಗಿತ್ತು. ನಿನ್ನಮ್ಮ ಮೇಲೆ ನಿನ್ನ ತಮ್ಮನಿಗೆ ಹಾಲು ಕುಡಿಸುತ್ತಿದ್ದಳು. ನಿನ್ನನ್ನು ನನ್ನ ಕೈಗೆ ಕೊಟ್ಟು, "ನೋಡ್ಕೊಳ್ಳೇ" ಅಂದಿದ್ದಳು.

ನಿನಗೆ ನೆನಪಿರುವುದು ಇಷ್ಟು: ನೀನು ನೀರಿಗೆ ಇಳಿದೆ, ನಾನು ಹೊಡೆದೆ, ಅವತ್ತು ಯಾರೂ ಪುಳಿಯೋಗರೆ ತಿನ್ನಲಿಲ್ಲ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದೂ ಅದೇ, "ಈ ಹುಡ್ಗಿ ನೀರು ಕಂಡ್ರೆ ಹಾರ್ತಾಳೆ" ಅಂತ.

ನೀನು ಇಳಿಯಲಿಲ್ಲ ಪುಟ್ಟಿ. ನಾನೇ ನಿನ್ನನ್ನು ಎತ್ತಿ ಆ ಬಂಡೆಯ ಮೇಲೆ ಕೂರಿಸಿದ್ದು. ದಡದಿಂದ ಎರಡು ದಾಪು ಅಷ್ಟೇ, ನಡುವೆ ಪಾದ ಮುಳುಗದಷ್ಟು ನೀರು. ಚಪ್ಪಲಿಯನ್ನು ಆ ಬಂಡೆಯ ಬುಡದಲ್ಲಿ ಬಿಟ್ಟು, ದಡಕ್ಕೆ ಬಂದು, ಬೆನ್ನು ತಿರುಗಿಸಿ ಕೂತು ಬುತ್ತಿ ಬಿಚ್ಚಿದೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಅದನ್ನು ತೆಗೆಯಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟೇ ಹೊತ್ತು. ತಿರುಗಿ ನೋಡಿದರೆ ನನ್ನ ಚಪ್ಪಲಿ ತೇಲಿಕೊಂಡು ಹೋಗುತ್ತಿತ್ತು. ನೀರಿನ ಬಣ್ಣ ಬದಲಾಗಿತ್ತು, ಟೀಯ ಬಣ್ಣ. ನೀನು ಬಂಡೆಯ ಮೇಲೆ ಸುಮ್ಮನೆ ಕೂತಿದ್ದೆ, ನಾನು ಹೇಳಿದ್ದೆನಲ್ಲ, "ಅಲ್ಲಾಡ್ಬೇಡ" ಅಂತ. ನನಗೆ ಕೂಗಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಒಬ್ಬ ತೆಪ್ಪದವನು ಸೊಂಟದುದ್ದದ ನೀರಿಗೆ ಇಳಿದು ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ನನ್ನ ಮುಂದೆ ಇಳಿಸಿ, "ಅವ್ವಾ, ಹೊಳೆಗೆ ಕಣ್ಣಿಲ್ಲ, ನಿಮ್ಗೂ ಇಲ್ವಾ?" ಅಂದ. ನೀನು ಅಳದೆ ನನ್ನನ್ನೇ ನೋಡಿದೆ. ಆಗ ಹೊಡೆದೆ.

ಓಡಿ ಬಂದ ನಿನ್ನಮ್ಮನಿಗೆ ಹೇಳಿದೆ, "ಮಾತು ಕೇಳದೆ ನೀರಿಗೆ ಇಳಿದಳು" ಅಂತ. ನಾನು ಆಗ ನರ್ಸ್ ಆಗಿದ್ದೆ, ಊರಿಗೆಲ್ಲ ಜಾಗ್ರತೆ ಹೇಳುವವಳು. ನನ್ನ ಬಾಯಿಂದ ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ಮೂರನೇ ಸಲ ಹೇಳುವಷ್ಟರಲ್ಲಿ ನನಗೇ ನಿಜ ಅನಿಸಿತ್ತು. ಅಕ್ಕ ಸಾಯುವವರೆಗೂ ಅದನ್ನೇ ನಂಬಿದ್ದಳು. ಅದಕ್ಕೇ ನಿನ್ನ ತಮ್ಮನಿಗೆ ಈಜು ಕಲಿಸಿದರು, ನಿನ್ನನ್ನು ಬಾವಿಯ ಹತ್ತಿರವೂ ಬಿಡಲಿಲ್ಲ.

ಮೈಸೂರಿನಲ್ಲಿ ಮಕ್ಕಳನ್ನು ಈಜಿಗೆ ಸೇರಿಸಿದ್ದೆ ಅಂದೆಯಲ್ಲ, ಅದನ್ನು ನಿಲ್ಲಿಸಬೇಡ, ರಜೆಯಲ್ಲಾದರೂ ಕರೆದುಕೊಂಡು ಹೋಗು. ನೀನೂ ಕಲಿ. ಮೂವತ್ತೈದು ಹೆಚ್ಚೇನಲ್ಲ. ಹಾಗಂತ ಈಜು ಬರುತ್ತದೆ ಅಂತ ಹೊಳೆಗೆ ಇಳಿಯುವುದಲ್ಲ. ಶಿವನಸಮುದ್ರದ ಸುಳಿಯಿಂದ ಎತ್ತಿ ನಮ್ಮ ಹತ್ತಿರ ತಂದವರಲ್ಲಿ ಒಳ್ಳೇ ಈಜುಗಾರರೇ ಹೆಚ್ಚು ಇರುತ್ತಿದ್ದರು.

ಬರುವ ಶನಿವಾರ ಸಂಜೆಯ ಬಸ್ಸಿಗೆ ಮಕ್ಕಳನ್ನು ಕರೆದುಕೊಂಡು ಬಾ, ರಾತ್ರಿ ಇಲ್ಲೇ ಮಲಗಿ. ಬೆಳಿಗ್ಗೆ ಆರೂವರೆಗೆ ಮರಡಿ ಗುಡ್ಡ ಹತ್ತೋಣ. ಬಿಸಿಲು ಏರಿದ ಮೇಲೆ, ಮನಸ್ಸಿದ್ದರೆ, ಭರಚುಕ್ಕಿಗೆ ಹೋಗಿ ಬೇಲಿಯ ಈಚೆ ನಿಂತು ನೋಡಿಕೊಂಡು ಬರೋಣ. ಪುಳಿಯೋಗರೆ ಗೊಜ್ಜು ಶುಕ್ರವಾರವೇ ಕುದಿಸಿ ಇಡುತ್ತೇನೆ. ನಿನ್ನ ಮಗಳ ಕೈಯನ್ನು ನೀನೇ ಹಿಡಿದುಕೊ, ಬುತ್ತಿ ನಾನು ಹಿಡಿದುಕೊಳ್ಳುತ್ತೇನೆ.

ಇಂತಿ ನಿನ್ನ
ಚಿಕ್ಕವ್ವ